ಹಸುವಿನ ಗರ್ಭವೂ ಗಿಣ್ಣುಹಾಲೂ

ಹಸುವು ಸುಮಾರು 21 ದಿವಸಗಳಿಗೊಮ್ಮೆ ಬೆದೆಗೆ ಬರುವುದು. ಬೆದೆಯು ಇಳಿದ ಸುಮಾರು 12 ಗಂಟೆಗಳಲ್ಲಿ ಅಂಡವು ಅಂಡಾಶಯದಿಂದ ಹೊರಬೀಳುವುದು. ಆದುದರಿಂದ ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಸಾಯಂಕಾಲವೂ, ಸಾಯಂಕಾಲ ಕಂಡುದಕ್ಕೆ ಮರುದಿನ ಬೆಳಿಗ್ಗೆಯೂ ಹೋರಿಯನ್ನು ಬಿಡತಕ್ಕದ್ದು.

ಹೋರಿಯ ಬೀಜಾಣುವು ಅಂಡದೊಡನೆ ಕೂಡಿ ಒಂದೇ ಕಣವಾಗುವುದು. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಗರ್ಭಕೋಶವನ್ನು ಸೇರುವುದು. ತಿಂಗಳು ತುಂಬುವ ಮೊದಲೇ ಹೃದಯವು ಮಿಡಿಯತೊಡಗುವುದು. ಮಾನವ ಶಿಶುವಿಗೂ ಕ್ರಮವು ಇದೇ. ಹಸುವು ಸುಮಾರು 280 ದಿವಸಗಳಿಗೂ, ಎಮ್ಮೆಯು 310ಕ್ಕೂ, ಕುರಿಮೇಕೆಗಳು 150ಕ್ಕೂ ಈಯುವುವು. ಕರುವಿನ ತೂಕದಲ್ಲಿ ಅರ್ಧಕ್ಕೂ ಮಿಕ್ಕ ಭಾಗವು ಕಡೆಯ ಎರಡು ತಿಂಗಳಲ್ಲಿಯೇ ಬೆಳೆಯುವುದರಿಂದ, ಆಗ ಹಾಲು ಕರೆಯುವುದನ್ನು ನಿಲ್ಲಿಸಿ ಹಿಂಡಿ ಹುಲ್ಲುಗಳನ್ನು ಹೆಚ್ಚಿಸಬೇಕು. ಹಾಲು ಬತ್ತಿದ ಹಸುವಿಗೆ ಹಿಂಡಿಯೇಕೆಂಬುದು ಲೋಭದ ಲೆಕ್ಕ.

ಮಾನವರಿಗೂ ಗೋವಿಗೂ ಒಂದು ದೊಡ್ಡ ಭೇದವುಂಟು. ತಾಯಿಯ ರಕ್ತದಲ್ಲಿನ ರೋಗನಿರೋಧಕ ಸತ್ವವು ಮಾನವ ಶಿಶುವಿಗೆ ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ದೊರೆಯುವುದು. ಗೋವಿನ ಮಾಸು ಅದನ್ನು ದಾಟಗೊಡದು. ಕರುವು ಬರಿಗೈಯಲ್ಲಿಯೇ ಹುಟ್ಟಿ, ಆ ಸತ್ವವನ್ನು ಗಿಣ್ಣುಹಾಲಿನಿಂದ ಪಡೆಯಬೇಕು. ಅದನ್ನು ಹೀರಿಕೊಳ್ಳುವ ಶಕ್ತಿಯು ಕರುವಿನ ಕರುಳಿಗೆ ಗಂಟೆಗಂಟೆಗೂ ಕುಗ್ಗಿ, ಒಂದು ದಿನದಲ್ಲಿ ಬಹುಮಟ್ಟಿಗೆ ಇಲ್ಲವಾಗುವುದು. ಹೀಗಿದ್ದರೂ ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ವಾಡಿಕೆಯು ಎಷ್ಟೋ ಮನೆಗಳಲ್ಲಿದೆ. ಮಾಸು ಬೀಳಲು ಕೆಲವು ವೇಳೆ 12 ಗಂಟೆಗಳಾಗುವುವು. ಅದನ್ನು ಕೈಯಿಂದ ಎಳೆಯಲೂ ಕೂಡದು. ಕರುವು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ತೃಪ್ತಿಯಾಗಿ ಕುಡಿಸತಕ್ಕದ್ದು. ಮನೆಯವರ ಗಿಣ್ಣಿಗೆ ಎರಡನೆಯ ದಿನದ ಹಾಲು ಸಾಕು.