ಮೊದಲನೆಯ ಸಂಬಳ: ಹಣದ ವಿಷಯವಾಗಿ ತರುಣಿಯರಿಗೆ ಐದು ಪಾಠಗಳು



ನಮ್ಮ ಶಾಲೆಯಲ್ಲಿ ಓದಿ ಹೊರಟವರಲ್ಲಿ ಅನೇಕರು ಇಪ್ಪತ್ತೊಂದು ಇಪ್ಪತ್ತೆರಡರ ಪ್ರಾಯದಲ್ಲಿಯೇ ಉಪಾಧ್ಯಾಯಿನಿಯರಾಗಿಯೋ, ದಾದಿಯರಾಗಿಯೋ, ಬೇಂಕಿನ ಗುಮಾಸ್ತೆಯರಾಗಿಯೋ, ಕಂಪ್ಯೂಟರಿನ ಕೆಲಸದವರಾಗಿಯೋ ಸ್ವಂತ ಸಂಪಾದನೆಯನ್ನು ಕಾಣುತ್ತಾರೆ. ಮೊದಲನೆಯ ಸಂಬಳವು ಕೈಗೆ ಬಂದ ದಿನ ಮನೆಯಲ್ಲಿ ಸಂತೋಷವೇ ಸಂತೋಷ. ತಾಯಿಗೊಂದು ಸೀರೆ, ತಮ್ಮನಿಗೊಂದು ಗಡಿಯಾರ, ನೆರೆಮನೆಯವರಿಗೆ ಸಿಹಿತಿಂಡಿ, ಇವೆಲ್ಲ ಆಗತಕ್ಕವುಗಳೇ. ಆದರೆ ಎರಡನೆಯ ಸಂಬಳವೂ ಹನ್ನೆರಡನೆಯ ಸಂಬಳವೂ ಹಾಗೆಯೇ ಬಂದು ಹಾಗೆಯೇ ಹೋಗಿಬಿಟ್ಟರೆ, ವರ್ಷಾಂತ್ಯದಲ್ಲಿ ಹುಡುಗಿಯು ತನ್ನನ್ನು ತಾನೇ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ‘ಇಷ್ಟು ದುಡಿದೆನಲ್ಲ, ಅದೆಲ್ಲ ಎಲ್ಲಿ ಹೋಯಿತು?’

ನಾವು ಶಾಲೆಯಲ್ಲಿ ಸರಳಬಡ್ಡಿ ಚಕ್ರಬಡ್ಡಿಗಳ ಲೆಕ್ಕವನ್ನು ಕಲಿಸುತ್ತೇವೆ. ಆ ಬಡ್ಡಿಯು ಮನೆಯ ಬಾಗಿಲಿಗೆ ಬಂದು ನಿಂತಾಗ ಅದರ ಗುರುತು ಹಿಡಿಯುವುದನ್ನು ಮಾತ್ರ ಕಲಿಸುವುದಿಲ್ಲ. ಮೂವತ್ತು ವರ್ಷ ಗಣಿತವನ್ನು ಬೋಧಿಸಿದ ನಾನೂ ಈ ಲೋಪಕ್ಕೆ ಪಾಲುಗಾರಳಾಗಿದ್ದೇನೆ. ಆ ಋಣವನ್ನು ಸ್ವಲ್ಪಮಟ್ಟಿಗಾದರೂ ತೀರಿಸುವ ಉದ್ದೇಶದಿಂದ ಈ ಐದು ಪಾಠಗಳನ್ನು ಬರೆಯುತ್ತಿದ್ದೇನೆ. ಕೊನೆಯ ಪಾಠವನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ಬೆಲೆ ಕೊಟ್ಟು ಕಲಿತವಳು.

ಮೊದಲನೆಯ ಪಾಠ: ಲೆಕ್ಕ

ಒಂದು ಸಣ್ಣ ಪುಸ್ತಕವನ್ನು ತೆಗೆದುಕೊಳ್ಳಿರಿ. ಎಡಬದಿಗೆ ಜಮೆ, ಬಲಬದಿಗೆ ಖರ್ಚು. ರಾತ್ರಿ ಮಲಗುವ ಮುಂಚೆ ಅಂದಿನ ಖರ್ಚನ್ನು ಬರೆಯಲು ಐದು ನಿಮಿಷ ಸಾಕು. ಫೋನಿನಲ್ಲಿ ಬರೆಯುವವರು ಅದರಲ್ಲಿಯೇ ಬರೆಯಲಿ, ಬರೆಯುವುದು ಮುಖ್ಯ. ಈಗಿನ ಕಾಲದಲ್ಲಿ ಅಂಗಡಿಯ ಮುಂದಿನ ಚೌಕದ ಗುರುತಿಗೆ ಫೋನನ್ನು ಹಿಡಿದರೆ ಹಣವು ಹೋಗಿಬಿಡುತ್ತದೆ. ನೋಟು ಕೈಬಿಡುವಾಗ ಮನಸ್ಸಿಗೆ ಆಗುತ್ತಿದ್ದ ಸಣ್ಣ ನೋವೂ ಇಲ್ಲವಾದುದರಿಂದ ಲೆಕ್ಕವನ್ನು ಬರೆಯುವ ಅಗತ್ಯವು ಹಿಂದಿಗಿಂತ ಹೆಚ್ಚಾಗಿದೆ.

ಮೂರು ತಿಂಗಳು ಬರೆದ ಮೇಲೆ ಖರ್ಚುಗಳನ್ನು ಮೂರು ಪಂಕ್ತಿಗಳಾಗಿ ವಿಂಗಡಿಸಿರಿ: ಬಿಡಲಾಗದವು, ಕಡಿಮೆ ಮಾಡಬಹುದಾದವು, ಏಕೆ ಮಾಡಿದೆನೆಂದು ನೆನಪೇ ಇಲ್ಲದವು. ಮೂರನೆಯ ಪಂಕ್ತಿಯ ಮೊತ್ತವನ್ನು ಕೂಡಿಸಿ ನೋಡಿದವರಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ.

ಎರಡನೆಯ ಪಾಠ: ಉಳಿತಾಯ

ಖರ್ಚು ಮಾಡಿ ಮಿಕ್ಕಿದುದನ್ನು ಉಳಿಸುತ್ತೇನೆನ್ನುವವಳಿಗೆ ಎಂದೂ ಮಿಗುವುದಿಲ್ಲ. ಸಂಬಳ ಬಂದ ದಿನವೇ ಉಳಿತಾಯದ ಭಾಗವನ್ನು ಬೇರೆ ತೆಗೆದಿಟ್ಟು, ಉಳಿದುದರಲ್ಲಿ ತಿಂಗಳನ್ನು ಕಳೆಯಬೇಕು. ಹತ್ತರಲ್ಲಿ ಎರಡು ಪಾಲು ಇಡಲು ಸಾಧ್ಯವಾದರೆ ಉತ್ತಮ. ಮನೆಯ ಭಾರವನ್ನು ಹೊತ್ತವಳು ಒಂದು ಪಾಲಿನಿಂದ ಆರಂಭಿಸಲಿ. ಮೊತ್ತವು ಚಿಕ್ಕದೆಂದು ನಾಚಬೇಕಾಗಿಲ್ಲ. ಇದಕ್ಕೆ ನಮ್ಮ ಕರಾವಳಿಯ ಚರಿತ್ರೆಯೇ ಸಾಕ್ಷಿಯಾಗಿದೆ.

1925ರಲ್ಲಿ ಉಡುಪಿಯಲ್ಲಿ ವೈದ್ಯರಾದ ಟಿ. ಎಂ. ಎ. ಪೈಯವರೂ, ಉಪೇಂದ್ರ ಅನಂತ ಪೈಯವರೂ, ವಾಮನ ಕುಡ್ವರೂ ಸೇರಿ ಒಂದು ಬೇಂಕನ್ನು ಸ್ಥಾಪಿಸಿದರು. ಕೈಮಗ್ಗದ ಉದ್ಯಮವು ಕುಸಿದು ಕಷ್ಟಕ್ಕೀಡಾಗಿದ್ದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬೇಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡೆರಡು ಆಣೆಗಳನ್ನು ಸಂಗ್ರಹಿಸುತ್ತಿದ್ದನು. ರೂಪಾಯಿಗೆ ಹದಿನಾರು ಆಣೆಗಳಿದ್ದ ಕಾಲವದು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ ಆಗುತ್ತಿತ್ತು. ಬೇಂಕಿನ ಮೆಟ್ಟಿಲನ್ನೇ ಹತ್ತದಿದ್ದ ಬಡವರ ಹೆಸರಿನಲ್ಲಿ ಹೀಗೆ ಹಣ ಕೂಡಿತು. ಆ ಬೇಂಕು ಮುಂದೆ ಸಿಂಡಿಕೇಟ್ ಬೇಂಕೆಂದು ದೇಶದಲ್ಲೆಲ್ಲ ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬೇಂಕಿನಲ್ಲಿ ವಿಲೀನವಾಯಿತು. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಪಿಗ್ಮಿಯು ಲೆಕ್ಕದಲ್ಲಿಯೇ ತೋರಿಸಿಕೊಟ್ಟಿತು.

ಮೊದಲು ಕೂಡಿಸತಕ್ಕದ್ದು ಆಪದ್ಧನ. ಕೆಲಸ ಹೋದರೂ ಕಾಯಿಲೆ ಬಂದರೂ ಮೂರು ತಿಂಗಳಾದರೂ ಮನೆ ನಡೆಯುವಷ್ಟು ಹಣವು ಬೇಕಾದ ಕೂಡಲೇ ತೆಗೆಯಬಹುದಾದ ಸ್ಥಳದಲ್ಲಿರಬೇಕು. ಅದಾದ ಮೇಲೆ ಆರೋಗ್ಯದ ವಿಮೆ. ಒಂದೇ ಒಂದು ಶಸ್ತ್ರಚಿಕಿತ್ಸೆಯು ಹತ್ತು ವರ್ಷದ ಉಳಿತಾಯವನ್ನು ನುಂಗಿದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಇವೆರಡೂ ಆದ ಮೇಲೆ ದೀರ್ಘಕಾಲದ ಉಳಿತಾಯದ ಯೋಚನೆ. 1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯನಿಧಿಯಲ್ಲಿ ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಹಾಕಬಹುದು. ಅವಧಿ 15 ವರ್ಷ. ಅಂಚೆಯ ಕಚೇರಿಯಲ್ಲಿಯೂ ಈ ಖಾತೆಯನ್ನು ತೆರೆಯಬಹುದು.

ಮೂರನೆಯ ಪಾಠ: ಬಡ್ಡಿ

72 ಎಂಬ ಅಂಕೆಯನ್ನು ನೆನಪಿಟ್ಟುಕೊಳ್ಳಿರಿ. ಅದನ್ನು ಬಡ್ಡಿಯ ದರದಿಂದ ಭಾಗಿಸಿದರೆ, ಚಕ್ರಬಡ್ಡಿಯಲ್ಲಿ ಹಣವು ಇಮ್ಮಡಿಯಾಗುವ ಕಾಲವು ಸುಮಾರಾಗಿ ದೊರೆಯುತ್ತದೆ. ವರ್ಷಕ್ಕೆ ನೂರಕ್ಕೆ 6ರಂತೆ ಇಟ್ಟ ಹಣವು 12 ವರ್ಷಗಳಲ್ಲಿ ಇಮ್ಮಡಿಯಾಗುವುದು. 8ರಂತೆ ಇಟ್ಟರೆ 9 ವರ್ಷ. ಆದುದರಿಂದಲೇ ಇಪ್ಪತ್ತೆರಡರಲ್ಲಿ ಇಟ್ಟ ಸಾವಿರ ರೂಪಾಯಿಗೂ ನಲವತ್ತರಲ್ಲಿ ಇಟ್ಟ ಸಾವಿರ ರೂಪಾಯಿಗೂ ಬಹಳ ಅಂತರವಿದೆ.

ಇದೇ ಅಂಕೆಯನ್ನು ಸಾಲಕ್ಕೆ ಹಚ್ಚಿ ನೋಡಿರಿ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿಯಿದೆಯೆಂದು ಇಟ್ಟುಕೊಳ್ಳೋಣ. ಮೂರೆಂಬುದು ಕೇಳುವುದಕ್ಕೆ ಸಣ್ಣ ಅಂಕೆ. 72ನ್ನು 3ರಿಂದ ಭಾಗಿಸಿದರೆ 24, ಅಂದರೆ ಇಪ್ಪತ್ತನಾಲ್ಕು ತಿಂಗಳು. ತೀರಿಸದೆ ಬಿಟ್ಟ 10,000 ರೂಪಾಯಿ ಒಂದು ವರ್ಷಕ್ಕೆ ಸುಮಾರು 14,258, ಎರಡು ವರ್ಷಕ್ಕೆ 20,000ಕ್ಕೂ ಮಿಕ್ಕಿ ಆಗುವುದು. ತಡಮಾಡಿದುದಕ್ಕಾಗಿ ವಿಧಿಸುವ ದಂಡವು ಬೇರೆ. ಉಳಿತಾಯವು ಹನ್ನೆರಡು ವರ್ಷಗಳಲ್ಲಿ ಏರುವ ಮೆಟ್ಟಿಲನ್ನು ಸಾಲವು ಎರಡೇ ವರ್ಷಗಳಲ್ಲಿ ಏರಿಬಿಡುತ್ತದೆ. ಕಾರ್ಡಿನ ಪಟ್ಟಿಯಲ್ಲಿ ‘ಕನಿಷ್ಠ ಪಾವತಿ’ ಎಂದು ಬರೆದಿರುವ ಸಣ್ಣ ಮೊತ್ತವನ್ನು ಮಾತ್ರ ಕಟ್ಟಿ ನಿಶ್ಚಿಂತೆಯಿಂದಿರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ.

ಎಲ್ಲ ಸಾಲವೂ ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. ವಿದ್ಯೆಗೆ ಮಾಡಿದ ಸಾಲವೂ ತಲೆಯ ಮೇಲೆ ಸೂರಿಗೆ ಮಾಡಿದ ಸಾಲವೂ ಮನುಷ್ಯರನ್ನು ಎತ್ತಿ ನಿಲ್ಲಿಸಿವೆ. ಆದರೂ ಸಾಲವನ್ನು ಮಾಡುವ ಮುಂಚೆ ಎರಡು ಪ್ರಶ್ನೆಗಳನ್ನು ಕೇಳಲೇಬೇಕು: ಬಡ್ಡಿಯು ತಿಂಗಳಿಗೋ ವರ್ಷಕ್ಕೋ? ಕೊನೆಯ ಕಂತು ತೀರುವಾಗ ನಾನು ಒಟ್ಟು ಎಷ್ಟು ಕೊಟ್ಟಿರುತ್ತೇನೆ?

ನಾಲ್ಕನೆಯ ಪಾಠ: ಸ್ಥಳ ಮತ್ತು ಹೆಸರು

ಉಳಿಸಿದ ಹಣವನ್ನು ಎಲ್ಲಿ ಇಡಬೇಕು? 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬೇಂಕು ಮುಳುಗಿದಾಗ ಸಾವಿರಾರು ಕುಟುಂಬಗಳು ತಮ್ಮ ಹಣಕ್ಕಾಗಿ ಕಾದು ನಿಲ್ಲಬೇಕಾಯಿತು. ಆ ಅನುಭವದ ತರುವಾಯ 1962ರ ಜನವರಿ 1ರಿಂದ ನಮ್ಮ ದೇಶದಲ್ಲಿ ಬೇಂಕಿನ ಠೇವಣಿಗಳಿಗೆ ವಿಮೆಯು ಜಾರಿಗೆ ಬಂದಿತು. ಆಗ ಒಬ್ಬ ಠೇವಣಿದಾರರಿಗೆ 1,500 ರೂಪಾಯಿಯ ರಕ್ಷಣೆಯಿತ್ತು. 2020ರ ಫೆಬ್ರವರಿ 4ರಿಂದ ಅದು 5 ಲಕ್ಷ ರೂಪಾಯಿಗೆ ಏರಿತು. ಒಂದು ಬೇಂಕಿನ ಎಲ್ಲ ಶಾಖೆಗಳಲ್ಲಿರುವ ಅಸಲು ಬಡ್ಡಿಗಳೆಲ್ಲ ಕೂಡಿ ಈ ಮಿತಿಯೆಂಬುದನ್ನು ತಿಳಿದಿರಬೇಕು. ಸಹಕಾರಿ ಬೇಂಕುಗಳಿಗೂ ಈ ವಿಮೆಯುಂಟು. ಆದರೆ ಬೇಂಕಲ್ಲದ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಹೆಚ್ಚು ಬಡ್ಡಿಯನ್ನು ಕೊಡುತ್ತೇವೆಂದು ಕರೆಯುವವರನ್ನು, ‘ಇಲ್ಲಿ ಇಟ್ಟ ಹಣಕ್ಕೆ ಠೇವಣಿ ವಿಮೆಯಿದೆಯೆ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹಾಗೆಯೇ, ‘ನಿಮಗೆ ಹಣ ಕಳುಹಿಸುತ್ತೇವೆ, ಗುಪ್ತ ಸಂಖ್ಯೆಯನ್ನು ಒತ್ತಿರಿ’ ಎಂದು ಫೋನಿನಲ್ಲಿ ಹೇಳುವವರನ್ನು ನಂಬಬೇಡಿರಿ. ಹಣವನ್ನು ಪಡೆಯುವುದಕ್ಕೆ ಗುಪ್ತ ಸಂಖ್ಯೆ ಬೇಕಾಗಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ಮೋಸ ಹೋದವರು ಗಳಿಗೆಯನ್ನೂ ಕಳೆಯದೆ 1930 ಎಂಬ ಸಂಖ್ಯೆಗೆ ದೂರು ಕೊಡತಕ್ಕದ್ದು.

ಯಾರ ಹೆಸರಿನಲ್ಲಿ ಇಡಬೇಕು? ದುಡಿದವಳ ಹೆಸರಿನಲ್ಲಿಯೇ. ವಿವಾಹಿತ ಸ್ತ್ರೀಯು ತನ್ನ ಸ್ವಂತ ಉದ್ಯೋಗದಿಂದ ಗಳಿಸಿದುದು ಅವಳ ಪ್ರತ್ಯೇಕ ಸ್ವತ್ತೆಂದು 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯು ಹೇಳುತ್ತದೆ. ಆ ನಿಯಮವು ಕ್ರೈಸ್ತ ಸ್ತ್ರೀಯರಿಗೆ ಅನ್ವಯಿಸುತ್ತದೆ. ಹಿಂದೂ ಸ್ತ್ರೀಯರ ವಿಷಯದಲ್ಲಿ, ಸ್ತ್ರೀಧನವು ಹೆಂಡತಿಯ ಸ್ವಂತ ಸೊತ್ತು, ಮದುವೆಯಾದ ಮಾತ್ರಕ್ಕೆ ಅದು ಗಂಡನ ಜಂಟಿ ಸೊತ್ತಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ತೀರ್ಪಿತ್ತಿದೆ. ಕಾಯಿದೆಯು ಒಪ್ಪಿದುದನ್ನು ಅನೇಕ ಮನೆಗಳು ಇನ್ನೂ ಒಪ್ಪಿಲ್ಲ. ಮಗಳ ಸಂಬಳವು ತಂದೆಯ ಖಾತೆಗೆ, ಮದುವೆಯಾದ ಮೇಲೆ ಗಂಡನ ಖಾತೆಗೆ ಹೋಗುವ ಪದ್ಧತಿಯಲ್ಲಿ ಪ್ರೀತಿಯೇ ಇರಬಹುದು. ಆದರೂ ನಾಳೆ ವಿಧವೆಯಾದಾಗಲೋ ಒಂಟಿಯಾದಾಗಲೋ ಬೇಂಕಿನ ಕಿಂಡಿಯ ಮುಂದೆ ಮೊದಲ ಸಲ ನಿಲ್ಲುವ ಹೆಂಗಸಿನ ಸಂಕಟವನ್ನು ನೋಡಿದವರು ಆ ಪದ್ಧತಿಯನ್ನು ಹೊಗಳಲಾರರು. ಮನೆಗೆ ಕೊಡಬೇಕಾದುದನ್ನು ಕೊಡೋಣ; ತನ್ನ ಖಾತೆಯಿಂದ ತನ್ನ ಕೈಯಿಂದ ಕೊಡೋಣ.

ಐದನೆಯ ಪಾಠ: ಸಹಿ

ಇದು 1993ರ ಮಾತು. ನಾನು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ನನ್ನೊಡನೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆನು. ನನಗೆ ಊಟದ ಬುತ್ತಿಯಿಲ್ಲದ ದಿನ ತಮ್ಮದರಲ್ಲಿ ಅರ್ಧವನ್ನು ಕೊಟ್ಟವರು ಅವರು. ಒಂದು ಸಂಜೆ, ‘ಸಹಕಾರ ಸಂಘದಲ್ಲಿ ಸ್ವಲ್ಪ ಸಾಲ ತೆಗೆಯುತ್ತಿದ್ದೇನೆ, ನಿನ್ನದೊಂದು ಸಹಿ ಬೇಕಂತೆ’ ಎಂದರು. ಹೋದೆನು. ಗುಮಾಸ್ತನು ಕಾಗದವನ್ನು ಮಡಚಿ ಹಿಡಿದು, ‘ಇಲ್ಲೊಂದು, ಅಲ್ಲೊಂದು’ ಎಂದು ತೋರಿಸಿದನು. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಸಲ ಓದದೆ ಉತ್ತರಿಸಬಾರದೆಂದು ಮಕ್ಕಳಿಗೆ ಆ ಬೆಳಿಗ್ಗೆಯಷ್ಟೇ ಹೇಳಿದ್ದ ನಾನು ಒಂದು ಸಲವೂ ಓದದೆ ಸಹಿ ಹಾಕಿದೆನು.

ಎಂಟು ತಿಂಗಳ ಮೇಲೆ ಅಕ್ಕನ ಗಂಡನ ವ್ಯಾಪಾರವು ನಷ್ಟಕ್ಕಿಳಿದು ಆ ಕುಟುಂಬವು ಊರನ್ನೇ ಬಿಟ್ಟಿತು. ನನ್ನ ಹೆಸರಿಗೆ ನೋಟೀಸು ಬಂದಿತು. ‘ಸಾಲ ತೆಗೆದುಕೊಂಡವಳು ನಾನಲ್ಲವಲ್ಲ!’ ಎಂದು ಸಂಘದ ಕಾರ್ಯದರ್ಶಿಗಳ ಮುಂದೆ ಸಿಟ್ಟಾದೆನು. ಅವರು ಏನೂ ಹೇಳದೆ ಕಾಗದವನ್ನು ಬಿಡಿಸಿ, ನನ್ನ ಸಹಿಯ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. ಜಾಮೀನುದಾರರ ಹೊಣೆಯು ಸಾಲಗಾರರ ಹೊಣೆಯಷ್ಟೇ ಎಂಬುದು 1872ರ ಕರಾರು ಕಾಯಿದೆಯ 128ನೆಯ ಕಲಮಿನ ಸಾರ. ಸಾಲಗಾರರನ್ನು ಬಿಟ್ಟು ಜಾಮೀನುದಾರರನ್ನೇ ಹಿಡಿಯಲಿಕ್ಕೂ ಅವರಿಗೆ ಅಧಿಕಾರವಿತ್ತು. ಕಟ್ಟಿದ ಹಣವನ್ನು ಸಾಲಗಾರರಿಂದ ವಸೂಲುಮಾಡುವ ಹಕ್ಕನ್ನು ಕಾಯಿದೆಯು ನನಗೂ ಕೊಟ್ಟಿತ್ತು; ಆದರೆ ಏನೂ ಇಲ್ಲದವರಿಂದ ವಸೂಲುಮಾಡುವುದೇನನ್ನು?

ಇಪ್ಪತ್ತೆರಡು ತಿಂಗಳು ನನ್ನ ಸಂಬಳದಲ್ಲಿ 650 ರೂಪಾಯಿಯಂತೆ ಮುರಿದುಕೊಂಡರು, ಒಟ್ಟು 14,300. ಆ ವರ್ಷ ನನ್ನ ತಂಗಿಯು ದಾದಿಯರ ಶಿಕ್ಷಣಕ್ಕೆ ಸೇರಬೇಕಾಗಿತ್ತು. ಶುಲ್ಕವನ್ನು ಕೊಡುತ್ತೇನೆಂದು ಮಾತು ಕೊಟ್ಟಿದ್ದವಳು ನಾನು. ಅವಳು ಒಂದು ವರ್ಷ ಮನೆಯಲ್ಲಿ ಕುಳಿತಳು. ಮರುವರ್ಷ ಸೇರಿ, ಕಲಿತು, ದಾದಿಯಾಗಿ ಹೆಸರು ಪಡೆದಳು. ಆ ಒಂದು ವರ್ಷದ ಮಾತನ್ನು ಅವಳು ಇಂದಿನವರೆಗೂ ಎತ್ತಿಲ್ಲ. ಆಡಿ ತೋರಿಸಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತೋ ಏನೋ.

ಅಕ್ಕನನ್ನು ನಾನು ದೂರುವುದಿಲ್ಲ. ಅವರು ಮೋಸಗಾರ್ತಿಯಲ್ಲ, ಕಷ್ಟಕ್ಕೆ ಸಿಕ್ಕಿದವರು. ಕಷ್ಟದಲ್ಲಿದ್ದವರಿಗೆ ಕೈಕೊಡಬೇಡಿರೆಂದು ನಾನು ಹೇಳಿದರೆ ಈ ಶಾಲೆಯಲ್ಲಿ ಓದಿದ್ದು ವ್ಯರ್ಥವಾದೀತು. ನಾನು ಹೇಳುವುದಿಷ್ಟೇ: ಕೊಡಬಹುದಾದಷ್ಟನ್ನು ಕೊಟ್ಟುಬಿಡಿರಿ, ಕೊಡಲಾಗದಷ್ಟಕ್ಕೆ ಸಹಿ ಹಾಕಬೇಡಿರಿ. ಯಾವ ಕಾಗದವನ್ನೂ ಮನೆಗೆ ತಂದು ಓದದೆ ಸಹಿ ಮಾಡಬೇಡಿರಿ. ‘ಓದಲು ಸಮಯವಿಲ್ಲ, ಈಗಲೇ ಬೇಕು’ ಎನ್ನುವ ಕಾಗದವನ್ನಂತೂ ಮುಟ್ಟಲೇಬೇಡಿರಿ. ಫೋನಿನಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತುವುದೂ ಸಹಿಯೇ ಎಂದು ತಿಳಿಯಿರಿ.

ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ

ಮಗಳಿಗೆ ಅಡಿಗೆಯನ್ನೂ ಹೊಲಿಗೆಯನ್ನೂ ಕಲಿಸುವ ನಾವು ಮನೆಯ ಲೆಕ್ಕವನ್ನು ಅವಳಿಂದ ಮರೆಮಾಡುತ್ತೇವೆ. ಮಕ್ಕಳಿಗೆ ಚಿಂತೆ ಬೇಡವೆಂಬ ಮಮತೆಯೇ ಇದಕ್ಕೆ ಕಾರಣ. ಆದರೆ ಸಾಲವೆಷ್ಟು, ಕಂತೆಷ್ಟು, ಪಾಸುಪುಸ್ತಕವೆಲ್ಲಿದೆ ಎಂಬುದನ್ನು ಹದಿನಾರರಲ್ಲಿ ತಿಳಿದ ಹುಡುಗಿಯು ಇಪ್ಪತ್ತೆರಡರಲ್ಲಿ ಮಡಚಿದ ಕಾಗದಕ್ಕೆ ಸಹಿ ಹಾಕುವುದಿಲ್ಲ. ಬರುವ ತಿಂಗಳು ದಿನಸಿಯ ಹಣವನ್ನು ಅವಳ ಕೈಗೆ ಕೊಟ್ಟು, ಲೆಕ್ಕವನ್ನು ಅವಳಿಂದಲೇ ಬರೆಯಿಸಿರಿ. ತಪ್ಪು ಮಾಡಿದರೆ ಮಾಡಲಿ. ಮನೆಯಲ್ಲಿ ಮಾಡಿದ ತಪ್ಪು ಅಗ್ಗದ್ದು.

ಅಭ್ಯಾಸ

1. ಕಳೆದ ತಿಂಗಳ ನಿಮ್ಮ ಖರ್ಚನ್ನು ಮೇಲೆ ಹೇಳಿದ ಮೂರು ಪಂಕ್ತಿಗಳಲ್ಲಿ ಬರೆಯಿರಿ.

2. ದಿನಕ್ಕೆ 20 ರೂಪಾಯಿಯಂತೆ ಉಳಿಸಿದರೆ ವರ್ಷಕ್ಕೆ ಎಷ್ಟಾಗುವುದು?

3. ತಿಂಗಳಿಗೆ ನೂರಕ್ಕೆ 2ರಂತೆ ಚಕ್ರಬಡ್ಡಿಯಿರುವ ಸಾಲವು ಎಷ್ಟು ಕಾಲದಲ್ಲಿ ಇಮ್ಮಡಿಯಾಗುವುದು?

4. ನಿಮ್ಮ ಹೆಸರಿನಲ್ಲಿರುವ ಖಾತೆಗಳು ಯಾವುವು? ಪ್ರತಿಯೊಂದಕ್ಕೂ ನಾಮನಿರ್ದೇಶನವಾಗಿದೆಯೆ?

5. ನೀವು ಈವರೆಗೆ ಓದದೆ ಸಹಿ ಹಾಕಿದ ಕಾಗದಗಳಿದ್ದರೆ, ಅವುಗಳ ಪ್ರತಿಯನ್ನು ತರಿಸಿ ಇಂದು ಓದಿರಿ.