ಹಳೇ ಎಲ್‌ಎಸ್‌ಡಿ ಕೊಳ್ಳುವ ಮುನ್ನ ಬಿಲ್ ಬರೆಸಿಕೊಳ್ಳಿ

ಯೇರ್ಕಾಡಿನ ಕಾಫಿ ತೋಟದ ದಾರಿಯಲ್ಲೋ ಧರ್ಮಪುರಿಯ ವತ್ತಲ್‌ಮಲೆಯ ಏರಿನಲ್ಲೋ ಮಳೆ ಬಿದ್ದ ಮರುದಿನ ಜೀಪು ಓಡಿಸಿದವರಿಗೆ ಈ ಪಾಡು ಗೊತ್ತು. ಹಿಂದಿನ ಒಂದು ಚಕ್ರ ಕೆಸರಿನಲ್ಲಿ ಗಿರಗಿರನೆ ಸುತ್ತುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಅಲುಗುವುದೇ ಇಲ್ಲ. ಇದನ್ನು ತಡೆಯುವುದೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಗ್ಯಾರೇಜಿನ ಮಾತಿನಲ್ಲಿ ಎಲ್‌ಎಸ್‌ಡಿ. ಹೊಸದು ದುಬಾರಿ ಎಂದು ಹಲವರು ಸೇಲಂನ ಹಳೇ ಬಿಡಿಭಾಗದ ಅಂಗಡಿಗೋ ಹೊಸೂರು ದಾಟಿ ಬೆಂಗಳೂರಿನ ಗುಜರಿಗೋ ಹೋಗುತ್ತಾರೆ. ಅಲ್ಲಿ ಮಾತು ಒಂದೇ: “ನಮ್ಮವರೇ ಅಲ್ವಾ, ಬಿಲ್ ಯಾಕಣ್ಣ?”

ಬಿಲ್ ಬೇಕೇ ಬೇಕು. ಕಾನೂನು ಕೊಟ್ಟಿರುವ ಹಕ್ಕುಗಳನ್ನು ನಾಳೆ ಸಾಧಿಸಿ ತೋರಿಸಲು ಆ ಚೀಟಿಯೇ ಆಧಾರ.

ಬಿಲ್‌ನಲ್ಲಿ ಏನಿರಬೇಕು?

“ಹಳೇ ಸ್ಪೇರ್” ಎಂದಷ್ಟೇ ಬರೆದರೆ ಸಾಲದು. ಎಲ್‌ಎಸ್‌ಡಿಯೋ ಎರಡೂ ಚಕ್ರವನ್ನು ಒಟ್ಟಿಗೆ ಬಿಗಿಯುವ ಲಾಕರೋ, ಯಾವ ವಾಹನದಿಂದ ಬಿಚ್ಚಿದ್ದು, ಅದರ ನೋಂದಣಿ ಸಂಖ್ಯೆ, ಹೌಸಿಂಗ್ ಮೇಲಿನ ಅಂಕಿ, ಕ್ರೌನ್-ಪಿನಿಯನ್ ಹಲ್ಲುಗಳ ಲೆಕ್ಕ, ನಿಮ್ಮ ಯಾವ ಗಾಡಿಗೆ ಬೇಕೆಂದು ಹೇಳಿ ಕೊಂಡಿರಿ, ಇಷ್ಟೂ ಬರೆಸಿ. ಸರಕುಗಳ ಮಾರಾಟ ಕಾಯ್ದೆ, 1930ರ ಕಲಂ 15ರಂತೆ ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು. ಕಲಂ 16ರಂತೆ, ಉದ್ದೇಶ ತಿಳಿಸಿ, ವ್ಯಾಪಾರಿಯ ಪರಿಣತಿ ನಂಬಿ ಕೊಂಡ ವಸ್ತು ಆ ಉದ್ದೇಶಕ್ಕೆ ತಕ್ಕಂತಿರಬೇಕು. ರಿಪೇರಿ ಮಾಡಿದ ಹಳೆಯದನ್ನು ಹೊಸದೆಂದು ಮಾರುವುದೂ ಬಿಲ್ ಕೊಡದಿರುವುದೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಪರೀಕ್ಷೆ ನಿಮ್ಮ ಹಕ್ಕು

ಗಾಡಿಯಲ್ಲೇ ಇರುವ ಎಲ್‌ಎಸ್‌ಡಿ ಆದರೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಒಂದನ್ನು ಕೈಯಿಂದ ತಿರುಗಿಸಿ. ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ ಎಲ್‌ಎಸ್‌ಡಿ ಒಳಗಿನ ಕ್ಲಚ್ ಪ್ಲೇಟ್‌ಗಳಲ್ಲಿ ಇನ್ನೂ ಬಿಗಿ ಇದೆ. ವಿರುದ್ಧ ದಿಕ್ಕಿಗೆ ತಿರುಗಿದರೆ ಪ್ಲೇಟ್ ಸವೆದಿರಬಹುದು, ಇಲ್ಲವೇ ಅದು ಸಾಮಾನ್ಯ ಡಿಫರೆನ್ಷಿಯಲ್ ಇರಬಹುದು. ಆದರೆ ಹೆಲಿಕಲ್ ಗೇರಿನ ಎಲ್‌ಎಸ್‌ಡಿಯೂ, ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿ ಬಂದ ಮೆಕ್ಯಾನಿಕಲ್ ಲಾಕರೂ ಸರಿಯಿದ್ದಾಗಲೂ ಹೀಗೆ ವಿರುದ್ಧ ತಿರುಗಬಹುದು. ಹಾಗಾಗಿ ಇದೊಂದೇ ಪರೀಕ್ಷೆ ನೆಚ್ಚಬೇಡಿ. ಹಳೇ ಆಯಿಲ್ ಇಳಿಸಿ ಅದರಲ್ಲಿ ಅಯಸ್ಕಾಂತ ಆಡಿಸಿ. ಬೂದುಬಣ್ಣದ ನುಣ್ಣನೆ ಪುಡಿ ಸವೆತದ್ದು; ಚೂರುಚೂರು ಲೋಹ ಬಂದರೆ ಗೇರಿನ ಹಲ್ಲೋ ಬೇರಿಂಗೋ ಒಡೆದಿದೆ ಎಂದರ್ಥ.

ಇಲ್ಲೊಂದು ಎಚ್ಚರ: ನೀವು ಪರೀಕ್ಷಿಸಿದ್ದರೆ, ಆಗ ಕಣ್ಣಿಗೆ ಬೀಳಬೇಕಿದ್ದ ದೋಷಕ್ಕೆ ಕಲಂ 16ರ ರಕ್ಷಣೆ ಸಿಗದಿರಬಹುದು. ಆದ್ದರಿಂದ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ, ವಿಡಿಯೋ ಮಾಡಿಟ್ಟುಕೊಳ್ಳಿ.

ಕಳವು ಮಾಲಾಗಿದ್ದರೆ?

ಮಾರುವವನಿಗೇ ಒಡೆತನ ಇಲ್ಲದಿದ್ದರೆ ಕೊಂಡವನಿಗೂ ಬರುವುದಿಲ್ಲ. ದುಡ್ಡೂ ಹೋಗಿ ವಸ್ತುವೂ ಪೊಲೀಸರ ವಶವಾಗಬಹುದು. ಕಳವು ಮಾಲೆಂದು ತಿಳಿದು, ಅಥವಾ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 317ರಡಿ 3 ವರ್ಷದವರೆಗೆ ಜೈಲು. ಬಿಲ್ ಇಲ್ಲದೆ ಅಗ್ಗಕ್ಕೆ ಕೊಂಡದ್ದು ನಿಮ್ಮ ವಿರುದ್ಧವೇ ಮಾತಾಡೀತು. ಮೂಲ ಗಾಡಿಯ ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ, ಅಂಗಡಿಯವರು ಹೇಳಿದ ಮಾದರಿಗೆ ಹೊಂದುತ್ತದೆಯೇ ನೋಡಿ.

ಕೂರಿಸುವ ಮುನ್ನ

ಮೋಟಾರು ವಾಹನ ಕಾಯ್ದೆಯ ಕಲಂ 52, ಆರ್‌ಸಿಯ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ತಪ್ಪಿದರೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸಜೆ, ಅಥವಾ ಎರಡೂ. ನಿಮ್ಮ ಮಾದರಿಗೆ ತಯಾರಕರೇ ಕೊಡುವ ಭಾಗವನ್ನೇ ಆರಿಸಿ. ಬೇರೆಯದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿ, ವಿಮಾ ಕಂಪನಿಗೂ ತಿಳಿಸಿ.

ಮೋಸವಾದರೆ ದೂರು ನಿಮ್ಮ ಜಿಲ್ಲೆಯಲ್ಲೇ

ಇದು ಗಡಿಭಾಗದವರಿಗೆ ಬಹಳ ಮುಖ್ಯ. ತಮಿಳುನಾಡಿನ ಪೆನ್ನಾಗರದವರು ಬೆಂಗಳೂರಿನಲ್ಲಿ ಕೊಂಡರೂ ದೂರು ಕೊಡಲು ಬೆಂಗಳೂರಿಗೆ ಅಲೆಯಬೇಕಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 34ರಂತೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಹೊಟ್ಟೆಪಾಡಿಗೆ ಸ್ವಂತ ಟ್ಯಾಕ್ಸಿ ಓಡಿಸುವವರೂ ಗ್ರಾಹಕರೇ.

1. ದೋಷ ಕಂಡೊಡನೆ ಭಾಗವನ್ನು ಪೂರ್ತಿ ಬಿಚ್ಚಬೇಡಿ. ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಇಳಿಸಿದ ಆಯಿಲನ್ನೂ ಬಾಟಲಿಯಲ್ಲಿ ಎತ್ತಿಡಿ.
2. ಮಾರಿದವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ.
3. ಬಗೆಹರಿಯದಿದ್ದರೆ 2 ವರ್ಷದೊಳಗೆ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.
4. ತಮಿಳುನಾಡಿನ ಆಯೋಗಕ್ಕೆ ದೂರು ಕೊಡುವಾಗ ಬಿಲ್ ಕನ್ನಡದಲ್ಲಿದ್ದರೆ ತಮಿಳು ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಿ.

ವ್ಯಾಪಾರಿಯಲ್ಲದ ವ್ಯಕ್ತಿ ತನ್ನ ಗಾಡಿಯ ಭಾಗ ಮಾರಿದ್ದರೆ ದಾರಿ ಬೇರೆ: ಸಿವಿಲ್ ನ್ಯಾಯಾಲಯ, ಅಥವಾ ಮೊದಲಿನಿಂದಲೂ ವಂಚಿಸುವ ಉದ್ದೇಶವಿದ್ದರೆ ಪೊಲೀಸ್ ದೂರು. ವಕೀಲರ ನೆರವಿಗೆ ಕಾನೂನು ಸೇವೆಗಳ ಸಹಾಯವಾಣಿ 15100 ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಮುಂದಿನ ಸಲ “ಬಿಲ್ ಯಾಕಣ್ಣ?” ಎಂದರೆ ಮುಜುಗರ ಬೇಡ. “ಬರೆದು ಕೊಡಣ್ಣ, ಆಮೇಲೆ ದುಡ್ಡು ತಗೋ” ಎನ್ನಿ. ಸಾಚಾ ವ್ಯಾಪಾರಿ ಬರೆದೇ ಕೊಡುತ್ತಾನೆ. ಕೊಡದವನ ಅಂಗಡಿಯಿಂದ ಬರಿಗೈಲಿ ಹಿಂದಿರುಗಿದರೂ ನಷ್ಟವಿಲ್ಲ.