ಬಾಯಿ ಬಿಡದ ತರಗತಿ, ಕೊಳೆರೋಗದ ಪಾಠ

ಪ್ರಶ್ನೆ: ನಾನು ನರಸಿಂಹರಾಜಪುರ ತಾಲೂಕಿನವಳು. ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಕೊಪ್ಪ, ಶೃಂಗೇರಿ ಕಡೆಯ ಹಳ್ಳಿಗಳಿಂದಲೂ ಮಕ್ಕಳು ಬರುತ್ತಾರೆ. ಎಷ್ಟು ತಯಾರಾಗಿ ಹೋದರೂ ತರಗತಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ‘ಅರ್ಥ ಆಯ್ತಾ?’ ಅಂದರೆ ‘ಹ್ಞೂಂ ಮೇಡಂ’ ಅನ್ನುತ್ತಾರೆ, ಇಂಟರ್ನಲ್ಸ್‌ನಲ್ಲಿ ಹಾಳೆ ಖಾಲಿ. ಅವರಿಗೆ ನೋಟ್ಸ್ ಕೊಟ್ಟರೆ ಸಾಕು. ಅಡಿಕೆ ಕೊಯ್ಲು ಶುರುವಾದರೆ ಹಾಜರಿಯೂ ಇಲ್ಲ. ನನಗೇ ಪಾಠ ಮಾಡಲು ಬರುವುದಿಲ್ಲವೇನೋ ಅನ್ನಿಸಿಬಿಟ್ಟಿದೆ.

ಉತ್ತರ: ಪಾಠ ಮಾಡಲು ಬಾರದವರು ಇಷ್ಟು ಸೂಕ್ಷ್ಮವಾಗಿ ಗಮನಿಸುವುದಿಲ್ಲ ತಾಯಿ. ಮೊದಲು ‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಡಿ. ಎಲ್ಲರೆದುರು ‘ಇಲ್ಲ’ ಅನ್ನಲು ಯಾವ ಹುಡುಗಿಗೆ ಧೈರ್ಯ ಬರುತ್ತದೆ? ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ವಿಷಯಕ್ಕಿಂತ ಮೊದಲು ಇಂಗ್ಲಿಷ್‌ನ ಭಯ.

ನಿಮ್ಮ ಪಠ್ಯದಲ್ಲಿ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಬರುತ್ತದಲ್ಲ, ಅಲ್ಲಿಂದ ಶುರು ಮಾಡಿ. ಅಡಿಕೆಯ ಕೊಳೆರೋಗ ಅದರದ್ದೇ ಕೆಲಸ. ಅದಕ್ಕೆ ಹೊಡೆಯುವ ಔಷಧಿಗೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂಬ ಲೆಕ್ಕ ತೋಟದ ಮನೆಯ ಮಕ್ಕಳಿಗೆ ಬಾಯಿಪಾಠ. ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆಯಿರಿ: ‘ಔಷಧಿಯನ್ನು ಮಳೆ ಹಿಡಿಯುವ ಮೊದಲೇ ಏಕೆ ಹೊಡೆಯಬೇಕು?’ ಎರಡು ನಿಮಿಷ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ, ಕನ್ನಡದಲ್ಲೇ ಆಗಲಿ. ಆಮೇಲೆ ಪಕ್ಕದವರೊಡನೆ ವಾದ ಮಾಡಲಿ. ಅಷ್ಟಾದ ಮೇಲೆ ನೀವು ಬಾಯಿ ತೆರೆಯಿರಿ: ಫೈಟಾಫ್ತೊರಾದ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಮೈಲುತುತ್ತದಲ್ಲಿರುವ ತಾಮ್ರ ಅವು ಕಾಯಿಗೆ ಹೊಗದಂತೆ ತಡೆಯುತ್ತದೆ, ಹೊಕ್ಕ ಮೇಲೆ ಹೆಚ್ಚೇನೂ ಮಾಡಲಾರದು. ಇಂಗ್ಲಿಷ್ ಪಾರಿಭಾಷಿಕ ಪದಗಳು ಆಗ ಬರಲಿ. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದೇ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದರು ಎಂಬುದನ್ನೂ ಹೇಳಿ. ತಮ್ಮ ತೋಟದ ಕಾಯಿಲೆ ವಿಜ್ಞಾನದ ಪುಸ್ತಕದಲ್ಲಿದೆ ಎಂದು ತಿಳಿಯುವುದು ಮಲೆನಾಡಿನ ಮಕ್ಕಳಿಗೆ ಸಣ್ಣ ಸಂಗತಿಯಲ್ಲ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವೂ ಇದೆ. ಅನುಮತಿ ಪಡೆದು ಒಂದು ದಿನ ಕರೆದೊಯ್ಯಿರಿ.

ಹೀಗೆ ಮಾಡಿದರೆ ಸಿಲಬಸ್ ಮುಗಿಯುವುದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಸಿಲಬಸ್ ಮುಗಿದರಷ್ಟೇ ಸಾಲದು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಝೂರ್ ಅವರ ವಿದ್ಯಾರ್ಥಿಗಳು ಕೂಡ ಲೆಕ್ಕ ಬಿಡಿಸುತ್ತಿದ್ದರು, ಮೂಲ ಕಲ್ಪನೆ ಕೇಳಿದರೆ ತಡವರಿಸುತ್ತಿದ್ದರು. ಆಗ ಅವರು ಮಕ್ಕಳು ಪರಸ್ಪರ ವಿವರಿಸಿಕೊಳ್ಳುವ ಈ ಕ್ರಮ ಹಿಡಿದರು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಬರೀ ಉಪನ್ಯಾಸ ಕೇಳಿದವರಲ್ಲಿ ನಪಾಸಾದವರು ಸುಮಾರು ಶೇ 34, ತಾವೂ ತೊಡಗಿಕೊಂಡು ಕಲಿತವರಲ್ಲಿ ಶೇ 22. ಇಡೀ ಪೀರಿಯಡ್ ಬೇಡ, ಹತ್ತು ನಿಮಿಷ ಸಾಕು.

ನೋಟ್ಸ್ ಕೊಡುವುದು ತಪ್ಪಲ್ಲ. ಒಂದೇ ಪುಟದ್ದು ಕೊಡಿ, ಚಿತ್ರದ ಹೆಸರುಗಳನ್ನು ಖಾಲಿ ಬಿಡಿ, ಅವರೇ ತುಂಬಲಿ.

ಗೈರುಹಾಜರಿಯ ವಿಷಯದಲ್ಲಿ ಮಾತ್ರ ದಯವಿಟ್ಟು ಗದರಬೇಡಿ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ತೋಟ ತಿಂದ ಮನೆಗಳಲ್ಲಿ ಕೂಲಿಗೆ ಕೊಡಲು ದುಡ್ಡಿಲ್ಲದೆ ಮಕ್ಕಳೇ ಅಡಿಕೆ ಸುಲಿಯಲು ಕೂರುತ್ತಾರೆ. ಪ್ರತಿಯೊಬ್ಬರಿಗೂ ಜೊತೆಗಾರರನ್ನು ಗೊತ್ತುಮಾಡಿ. ಬಾರದವರಿಗೆ ಅಂದಿನ ಪುಟ ತಲುಪಿಸುವುದು ಆ ಜೊತೆಗಾರರ ಹೊಣೆ. ವಾಟ್ಸಾಪ್ ಒಂದನ್ನೇ ನಂಬಿದರೆ ನೆಟ್‌ವರ್ಕ್ ಸಿಗದ ಊರಿನವರು ಹಿಂದೆ ಬೀಳುತ್ತಾರೆ. ಚರ್ಚೆಯನ್ನು ಕೊನೆಯ ಪೀರಿಯಡ್‌ಗೆ ಇಡಬೇಡಿ, ಆಗ ಎಲ್ಲರ ಕಣ್ಣು ಬಸ್ಸಿನ ಮೇಲೆ. ಶೇ 75 ಹಾಜರಿ ತಪ್ಪುವಂತಿದ್ದರೆ ಸೆಮಿಸ್ಟರ್ ಮುಗಿಯುವವರೆಗೆ ಕಾಯದೆ ಮನೆಯವರೊಡನೆ ಮಾತಾಡಿ.

ಮೊದಲ ವಾರ ಚೀಟಿಗಳಲ್ಲಿ ಹೆಚ್ಚೇನೂ ಇರಲಿಕ್ಕಿಲ್ಲ. ಉತ್ತರವನ್ನು ನೀವೇ ಹೇಳಿಬಿಡಬೇಡಿ, ಕಾಯಿರಿ. ಚೀಟಿಗಳನ್ನು ಎಸೆಯದೆ ದಿನಾಂಕ ಹಾಕಿ ಇಟ್ಟುಕೊಳ್ಳಿ. ಒಂದು ತಿಂಗಳಾದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ, ನನಗೆ ಮತ್ತೆ ಬರೆಯಿರಿ.